ಗೇಮ್‌ನಲ್ಲಿ ಕತ್ತಿ ಮುರಿಯುವುದೇಕೆ? ಇದು ಕಂಪನಿಯ ಮೋಸವೇ?

ವಾರವಿಡೀ ಕೂತು ಆಡಿ, ಅದಿರು ಅಗೆದು, ಕರಗಿಸಿ ಮಾಡಿಕೊಂಡ ಕತ್ತಿ. ನಾಲ್ಕು ದಿನ ಬಳಸುವಷ್ಟರಲ್ಲಿ ಅದರ ಕೆಳಗಿನ ಹಸಿರು ಗೆರೆ ಹಳದಿಯಾಗಿ, ಕೆಂಪಾಗಿ, ಕೊನೆಗೆ ಕತ್ತಿಯೇ ಮಾಯ. "ಕಂಪ್ಯೂಟರ್ ಒಳಗಿನ ಕತ್ತಿಗೆ ತುಕ್ಕು ಹಿಡಿಯುತ್ತದೆಯೇ? ದುಡ್ಡು ಮಾಡೋಕೆ ಬೇಕೆಂದೇ ಮುರಿಯುತ್ತಾರೆ" ಎಂಬ ಮಾತು ಗೇಮ್ ಆಡುವವರ ಗ್ರೂಪ್‌ಗಳಲ್ಲಿ ಸಾಮಾನ್ಯ. ಇದರ ಜೊತೆಗೇ ಓಡಾಡುವ ಇನ್ನೊಂದು ಬಗೆಯ ಮೆಸೇಜ್ ಇದೆ: "ಈ ಗೇಮ್‌ನಲ್ಲಿ ಕೊಂಡ ಐಟಮ್ ಎಂದೂ ಹಾಳಾಗುವುದಿಲ್ಲ, ಬೆಲೆ ಏರುತ್ತಲೇ ಇರುತ್ತದೆ, ಆಡುತ್ತಾ ಗಳಿಸಿ."

ಮೊದಲನೆಯದು ಮೋಸ, ಎರಡನೆಯದು ಒಳ್ಳೆಯ ಅವಕಾಶ ಎಂದು ಅನಿಸುವುದು ಸಹಜ. ಆನ್‌ಲೈನ್ ಗೇಮ್‌ಗಳ ಕಾಲು ಶತಮಾನದ ಇತಿಹಾಸ ನೋಡಿದರೆ ನಮಗೆ ಕಾಣುವುದು ಬಹುಮಟ್ಟಿಗೆ ಇದರ ಉಲ್ಟಾ.

ಚುಟುಕಾಗಿ ಹೇಳುವುದಾದರೆ

• ಐಟಮ್ ಸವೆಯುವುದು, ಮುರಿಯುವುದು ತಾನೇ ಮೋಸವಲ್ಲ. ಆಟಗಾರರೇ ವಸ್ತು ಮಾಡಿ ಮಾರುವ ಗೇಮ್‌ಗಳಲ್ಲಿ ಅದು ಮಾರುಕಟ್ಟೆ ಉಳಿಯಲು ಬೇಕಾದ ವ್ಯವಸ್ಥೆ.
• ರಿಪೇರಿಗೆ ಗೇಮ್ ಒಳಗಿನ ನಾಣ್ಯ ಸಾಕೇ, ನಿಜವಾದ ರೂಪಾಯಿಯೇ ಬೇಕೇ ಎಂಬುದು ಮುಖ್ಯ. ರೂಪಾಯಿಯೇ ಬೇಕು ಎಂದಾದರೆ ನಿಮ್ಮ ಅನುಮಾನ ಸರಿ.
• "ಎಂದೂ ಹಾಳಾಗದು, ಬೆಲೆ ಏರುತ್ತಲೇ ಇರುತ್ತದೆ" ಎನ್ನುವ ಗೇಮ್ ಬಗ್ಗೆ ಹೆಚ್ಚು ಎಚ್ಚರ ಬೇಕು.

ಬಾಳಿಕೆ ಎಂದರೆ ಏನು?

ಗೇಮ್‌ಗಳಲ್ಲಿ ಪ್ರತಿ ವಸ್ತುವಿಗೂ ಒಂದು ಸಂಖ್ಯೆ ಅಂಟಿಸಿರುತ್ತಾರೆ. ಬಳಸಿದಂತೆಲ್ಲ ಅದು ಇಳಿಯುತ್ತದೆ. ಅದೇ ಆ ವಸ್ತುವಿನ ಬಾಳಿಕೆ. ಮಕ್ಕಳಿಗೂ ಗೊತ್ತಿರುವ ಮೈನ್‌ಕ್ರಾಫ್ಟ್ ತೆಗೆದುಕೊಳ್ಳಿ. ಅಲ್ಲಿ ಮರದ ಪಿಕಾಸಿ 59 ಏಟಿಗೆ ಮುಗಿಯುತ್ತದೆ. ಕಲ್ಲಿನದು 131, ಕಬ್ಬಿಣದ್ದು 250, ವಜ್ರದ್ದು 1561. ನೋಡಲು ಮಿರಮಿರ ಮಿಂಚುವ ಚಿನ್ನದ ಪಿಕಾಸಿ ಬರೀ 32 ಏಟು.

ನಮ್ಮಲ್ಲಿ ಹೆಚ್ಚು ಜನ ಆಡುವ ಬಿಜಿಎಂಐನಲ್ಲೂ ಹೆಲ್ಮೆಟ್, ಜಾಕೆಟ್‌ಗಳು ಗುಂಡು ಬಿದ್ದಂತೆ ಸವೆಯುತ್ತವೆ. ಆದರೆ ಪಂದ್ಯ ಮುಗಿದರೆ ಎಲ್ಲವೂ ಮೊದಲಿನಿಂದ ಶುರು. ಇವತ್ತಿನ ಹೆಲ್ಮೆಟ್ಟನ್ನು ನಾಳೆಗೆ ಎತ್ತಿಡಲಾಗದು, ಇನ್ನೊಬ್ಬರಿಗೆ ಮಾರಲೂ ಆಗದು. ಹಾಗಾಗಿ ಅಲ್ಲಿ ಸವೆತ ಇದೆ, ಸಂತೆ ಇಲ್ಲ.

ನಾವು ಇಲ್ಲಿ ಮಾತಾಡುತ್ತಿರುವುದು ಬೇರೆ ಬಗೆಯ ಗೇಮ್‌ಗಳ ಬಗ್ಗೆ. ಸಾವಿರಾರು ಜನ ಒಂದೇ ಲೋಕದಲ್ಲಿ ವರ್ಷಗಟ್ಟಲೆ ಇರುತ್ತಾರೆ. ಕೆಲವರು ಅದಿರು ಅಗೆಯುತ್ತಾರೆ, ಕೆಲವರು ಕಮ್ಮಾರರಾಗಿ ಕತ್ತಿ ಮಾಡುತ್ತಾರೆ, ಕೆಲವರು ಕೊಂಡು ಕಾಳಗಕ್ಕೆ ಹೋಗುತ್ತಾರೆ. ಹೀಗೆ ಆಟಗಾರರೇ ವಸ್ತು ತಯಾರಿಸುವುದಕ್ಕೆ ಕ್ರಾಫ್ಟಿಂಗ್ ಎನ್ನುತ್ತಾರೆ. ಅಲ್ಲಿ ನಿಜವಾದ ಸಂತೆಯೇ ನಡೆಯುತ್ತದೆ.

ಕೆರೆಗೆ ತೂಬು ಏಕೆ ಬೇಕು?

ಒಂದು ಕೆರೆ ನೆನೆಸಿಕೊಳ್ಳಿ. ಕಾಲುವೆಯಿಂದ ನೀರು ಬರುತ್ತದೆ, ತೂಬಿನಿಂದ ಗದ್ದೆಗೆ ಹೋಗುತ್ತದೆ. ತೂಬು ಮುಚ್ಚಿ ಕಾಲುವೆ ಮಾತ್ರ ಹರಿಯಬಿಟ್ಟರೆ ಕೆರೆ ಕೋಡಿ ಬೀಳುತ್ತದೆ.

ಗೇಮ್ ಕೂಡ ಹಾಗೆಯೇ. ರಾಕ್ಷಸನನ್ನು ಕೊಂದಾಗಲೆಲ್ಲ ಹತ್ತು ನಾಣ್ಯ ಉದುರುತ್ತವೆ. ಅವು ಯಾರ ಜೇಬಿನಿಂದಲೂ ಬಂದದ್ದಲ್ಲ, ಶೂನ್ಯದಿಂದ ಹುಟ್ಟಿದವು. ರಾಕ್ಷಸ ಸ್ವಲ್ಪ ಹೊತ್ತಿಗೆ ಮತ್ತೆ ಹುಟ್ಟುತ್ತಾನೆ, ಮತ್ತೆ ನಾಣ್ಯ. ಗುಡ್ಡದ ಅದಿರೂ ಅಷ್ಟೇ, ಅಗೆದಷ್ಟೂ ಮತ್ತೆ ತುಂಬಿಕೊಳ್ಳುತ್ತದೆ. ಒಂದು ಲಕ್ಷ ಜನ ದಿನವೂ ಹೀಗೆ ಅಗೆದು, ಕೊಂದು, ಕತ್ತಿ ಮಾಡುತ್ತಿದ್ದರೆ ಲೋಕದೊಳಗೆ ಬರುವುದು ಮಾತ್ರ ಇರುತ್ತದೆ. ಹೊರಗೆ ಹೋಗುವ ದಾರಿ ಇಲ್ಲದಿದ್ದರೆ ಎರಡು ಸಂಗತಿ ನಡೆಯುತ್ತವೆ. ನಾಣ್ಯ ಹೆಚ್ಚಾಗಿ ಅದರ ಬೆಲೆ ಇಳಿಯುತ್ತದೆ. ಕತ್ತಿಗಳು ಹೆಚ್ಚಾಗಿ ಕೊಳ್ಳುವವರೇ ಇರುವುದಿಲ್ಲ.

ನಾಣ್ಯಕ್ಕೆ ಬೇಕಾದ ತೂಬು ಬೇರೆ, ವಸ್ತುಗಳಿಗೆ ಬೇಕಾದ ತೂಬು ಬೇರೆ. 2004ರಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ನಿಮ್ಮ ಪಾತ್ರ ಸತ್ತರೆ ತೊಟ್ಟ ಕವಚಗಳ ಬಾಳಿಕೆ ಶೇ 10ರಷ್ಟು ಇಳಿಯುತ್ತದೆ. ಪೂರ್ತಿ ಸವೆದರೆ ಅದು ಕೆಲಸಕ್ಕೆ ಬಾರದು, ಆದರೆ ಕಳೆದುಹೋಗುವುದಿಲ್ಲ. ಗೇಮ್‌ನೊಳಗಿನ ಅಂಗಡಿಯವನಿಗೆ ನಾಣ್ಯ ಕೊಟ್ಟರೆ ಸರಿಮಾಡಿಕೊಡುತ್ತಾನೆ. ಆ ಅಂಗಡಿಯವನು ಮನುಷ್ಯನಲ್ಲ, ಕಂಪ್ಯೂಟರ್ ನಡೆಸುವ ಪಾತ್ರ. ನೀವು ಕೊಟ್ಟ ನಾಣ್ಯ ಅಲ್ಲಿಗೇ ಅಳಿಸಿಹೋಗುತ್ತದೆ. ರಿಪೇರಿ ಎಂಬುದು ಅಲ್ಲಿ ನಾಣ್ಯ ಹೊರಹಾಕುವ ತೂಬು.

ಏನೂ ಮುರಿಯದ ಲೋಕಗಳಲ್ಲಿ ಏನಾಯಿತು?

ಇದನ್ನು ಗೇಮ್ ಕಂಪನಿಗಳು ಪುಸ್ತಕ ಓದಿ ಕಲಿತದ್ದಲ್ಲ, ಕೈಸುಟ್ಟುಕೊಂಡು ಕಲಿತದ್ದು.

1997ರಲ್ಲಿ ಬಂದ ಅಲ್ಟಿಮಾ ಆನ್‌ಲೈನ್ ಈ ಬಗೆಯ ಗೇಮ್‌ಗಳಲ್ಲಿ ಮೊದಲ ಸಾಲಿನದು. ಅದನ್ನು ಮಾಡಿದವರು ಒಂದು ಜಾಣ ಯೋಜನೆ ಹಾಕಿದ್ದರು. ಇಡೀ ಲೋಕದ ಕಬ್ಬಿಣ, ಚರ್ಮ, ಮಾಂಸ ಇಷ್ಟೇ ಎಂದು ಗೊತ್ತುಮಾಡಿ, ಬಳಸಿ ಮುಗಿದದ್ದು ಮತ್ತೆ ಭೂಮಿಗೆ ಸೇರಿ ಹೊಸದಾಗಿ ಹುಟ್ಟಬೇಕು ಎಂದು ನಿಯಮ ಮಾಡಿದರು. ಕಾಗದದ ಮೇಲೆ ಚೆನ್ನಾಗಿತ್ತು. ಆದರೆ ಆಟಗಾರರು ಸಿಕ್ಕಿದ್ದನ್ನೆಲ್ಲ ಮನೆಯೊಳಗೆ ಪೇರಿಸಿಟ್ಟರು. ಯಾರೂ ಏನನ್ನೂ ಎಸೆಯಲಿಲ್ಲ. ಭೂಮಿಗೆ ಮರಳದ ಕಾರಣ ಹೊಸ ಸರಕು ಹುಟ್ಟುವುದು ನಿಂತಿತು, ಆಮೇಲೆ ಬಂದವರಿಗೆ ಬೇಟೆಗೂ ಅಗೆಯಲಿಕ್ಕೂ ಏನೂ ಸಿಗದಂತಾಯಿತು. ಕೊನೆಗೆ ಆ ನಿಯಮವನ್ನೇ ಕೈಬಿಟ್ಟು, ಸರಕು ಹೊಸದಾಗಿ ಹುಟ್ಟುತ್ತಲೇ ಇರುವ ದಾರಿಗೆ ಬಂದರು.

ಅಲ್ಲಿ ಇನ್ನೊಂದು ತೊಂದರೆಯೂ ಇತ್ತು. ಕೆಲಸ ಮಾಡಿದಷ್ಟೂ ಕಸುಬಿನ ಮಟ್ಟ ಏರುತ್ತಿತ್ತು. ಹಾಗಾಗಿ ಜನ ಯಾರಿಗೂ ಬೇಡದ ಸಾಮಾನನ್ನು ರಾಶಿ ರಾಶಿ ಮಾಡಿ ಹಾಕಿದರು. ಅವರಿಗೆ ಬೇಕಿದ್ದದ್ದು ಸಾಮಾನಲ್ಲ, ಅಭ್ಯಾಸ.

1999ರ ಎವರ್‌ಕ್ವೆಸ್ಟ್‌ನಲ್ಲಿ ಆಯುಧಗಳು ಸವೆಯುತ್ತಿರಲಿಲ್ಲ. ಹಳೆಯ ಆಟಗಾರ ಹೊಸ ಕತ್ತಿ ಸಿಕ್ಕ ಕೂಡಲೇ ಹಳೆಯದನ್ನು ಮಾರುತ್ತಿದ್ದ, ಇಲ್ಲವೇ ಹೊಸಬರಿಗೆ ಹಾಗೇ ಕೊಡುತ್ತಿದ್ದ. ಅಣ್ಣನ ಅಂಗಿ ತಮ್ಮನಿಗೆ ಬಂದ ಹಾಗೆ. ಆದರೆ ಈ ಅಂಗಿ ಎಂದೂ ಹರಿಯದು! ವರ್ಷ ಕಳೆದಂತೆ ಒಂದು ಕಾಲಕ್ಕೆ ಅಪರೂಪವಾಗಿದ್ದ ಆಯುಧಗಳು ಅಗ್ಗವಾದವು. ಇಂಥ ಗೇಮ್‌ಗಳ ಲೆಕ್ಕವನ್ನು ಅರ್ಥಶಾಸ್ತ್ರಜ್ಞರೂ ಗಂಭೀರವಾಗಿ ನೋಡತೊಡಗಿದರು. ಎಡ್ವರ್ಡ್ ಕ್ಯಾಸ್ಟ್ರೋನೋವಾ 2001ರಲ್ಲಿ ಎವರ್‌ಕ್ವೆಸ್ಟ್ ಲೋಕದ ತಲಾ ಉತ್ಪನ್ನವನ್ನು ಲೆಕ್ಕ ಹಾಕಿ, ಅದು ರಷ್ಯಾ ಮತ್ತು ಬಲ್ಗೇರಿಯಾಗಳ ನಡುವೆ ನಿಲ್ಲುತ್ತದೆ ಎಂದು ತೋರಿಸಿದರು.

ಎಲ್ಲಕ್ಕಿಂತ ದೊಡ್ಡ ಪಾಠ 2012ರ ಡಯಾಬ್ಲೊ 3. ಅಲ್ಲಿ ಆಟಗಾರರು ತಮಗೆ ಸಿಕ್ಕ ಆಯುಧಗಳನ್ನು ಹರಾಜು ಕಟ್ಟೆಯಲ್ಲಿ ಗೇಮ್‌ನ ಚಿನ್ನಕ್ಕೂ ಮಾರಬಹುದಿತ್ತು, ನಿಜವಾದ ಹಣಕ್ಕೂ ಮಾರಬಹುದಿತ್ತು. ಲಕ್ಷಾಂತರ ಜನರಿಗೆ ಸಿಕ್ಕ ಆಯುಧಗಳೆಲ್ಲ ಒಂದೇ ಕಟ್ಟೆಗೆ ಬಂದು ಬಿದ್ದವು. ರಿಪೇರಿಗೆ ಚಿನ್ನ ಖರ್ಚಾಗುತ್ತಿತ್ತು ನಿಜ, ಆದರೆ ಆಯುಧ ಲೋಕದಿಂದ ಹೊರಹೋಗುತ್ತಿರಲಿಲ್ಲ. ಒಬ್ಬ ಬಳಸಿ ಮಾರಿದ್ದನ್ನು ಇನ್ನೊಬ್ಬ ಬಳಸಿ ಮತ್ತೆ ಮಾರುತ್ತಿದ್ದ. ರಾಕ್ಷಸನನ್ನು ಕೊಂದು ಆಯುಧ ಗಳಿಸುವುದಕ್ಕಿಂತ ಕಟ್ಟೆಯಲ್ಲಿ ಕೊಳ್ಳುವುದೇ ಸುಲಭವಾಯಿತು. ಆಟದ ತಿರುಳೇ ಹೋಯಿತು ಎಂದು ಒಪ್ಪಿಕೊಂಡ ಕಂಪನಿ 2014ರ ಮಾರ್ಚ್ 18ರಂದು ಎರಡೂ ಹರಾಜು ಕಟ್ಟೆಗಳನ್ನು ಮುಚ್ಚಿತು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ

ಈ ಗಾದೆ ನಮಗೆಲ್ಲ ಗೊತ್ತು. ವರ್ಷವಿಡೀ ಮಾಡಿದ ಮಡಕೆಗಳನ್ನು ಒಡೆಯಲು ಒಂದು ನಿಮಿಷ ಸಾಕು. ಆದರೆ ಕುಂಬಾರನ ಕಡೆಯಿಂದ ಇನ್ನೊಂದು ಮಾತೂ ಇದೆ. ಮಡಕೆ ಒಡೆಯದಿದ್ದರೆ ಅವನ ತಿಗರಿ ತಿರುಗುವುದಿಲ್ಲ. ಊರ ಮನೆಗಳಿಗೆ ಸ್ಟೀಲ್ ಪಾತ್ರೆ, ಪ್ಲಾಸ್ಟಿಕ್ ಕೊಡ ಬಂದ ಮೇಲೆ ಕುಂಬಾರಿಕೆಗೆ ಏನಾಯಿತು ಎಂದು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗೇಮ್‌ನ ಕಮ್ಮಾರನ ಕಥೆಯೂ ಇದೇ. 2003ರಲ್ಲಿ ಶುರುವಾಗಿ 2011ರ ಡಿಸೆಂಬರ್‌ನಲ್ಲಿ ಮುಚ್ಚಿದ ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್ ಇದನ್ನು ಚೆನ್ನಾಗಿ ಅರ್ಥಮಾಡಿಕೊಂಡಿತ್ತು. ಅಲ್ಲಿ ಆಯುಧ, ಬಟ್ಟೆ, ಮನೆ ಎಲ್ಲವನ್ನೂ ಆಟಗಾರರೇ ಮಾಡುತ್ತಿದ್ದರು. ಆಯುಧ ಸವೆಯುತ್ತಿತ್ತು. ರಿಪೇರಿ ಮಾಡಿಸಬಹುದಿತ್ತು, ಆದರೆ ರಿಪೇರಿಯಾದ ಆಯುಧ ಮೊದಲಿನಷ್ಟು ಗಟ್ಟಿ ಇರುತ್ತಿರಲಿಲ್ಲ. ಹೀಗಾಗಿ ಯಾವತ್ತೋ ಒಂದು ದಿನ ಹೊಸದು ಕೊಳ್ಳಲೇಬೇಕು.

ಅಲ್ಲಿಯ ಕಚ್ಚಾ ಸರಕೂ ಒಂದೇ ಗುಣದ್ದಲ್ಲ. ಒಂದು ಗ್ರಹದಲ್ಲಿ ಸಿಗುವ ಒಂದು ಬಗೆಯ ಲೋಹ ಕೆಲವು ದಿನ ಮಾತ್ರ ಇದ್ದು, ಆಮೇಲೆ ಬತ್ತಿಹೋಗುತ್ತಿತ್ತು. ಅದೇ ಗುಣದ್ದು ಮತ್ತೆ ಸಿಗುವ ಭರವಸೆ ಇರಲಿಲ್ಲ. ಒಳ್ಳೆಯ ಲೋಹ ಯಾವಾಗ ಎಲ್ಲಿ ಬಂದಿದೆ ಎಂದು ಗಮನಿಸಿ ಕೂಡಿಟ್ಟ ಕಮ್ಮಾರನನ್ನು ಜನ ಹೆಸರು ಹಿಡಿದು ಹುಡುಕಿಕೊಂಡು ಬರುತ್ತಿದ್ದರು. ಒಂದು ದಿನವೂ ಕಾಳಗಕ್ಕೆ ಹೋಗದೆ, ಅಂಗಡಿ ಇಟ್ಟುಕೊಂಡೇ ಹೆಸರು ಮಾಡಿದವರು ಅಲ್ಲಿದ್ದರು. ಸವೆತ ಇಲ್ಲದಿದ್ದರೆ ಅವರ ಅಂಗಡಿಗೆ ಎರಡನೇ ಬಾರಿ ಬರುವ ಗಿರಾಕಿ ಯಾರು?

ಬರ್ಲಿನ್‌ನ ಕಂಪನಿಯೊಂದು ಮಾಡಿದ, 2017ರಲ್ಲಿ ಪೂರ್ಣ ರೂಪದಲ್ಲಿ ಬಂದ ಆಲ್ಬಿಯನ್ ಆನ್‌ಲೈನ್ ಇನ್ನೂ ಮುಂದೆ ಹೋಯಿತು. ಅದು ಮೊಬೈಲ್‌ನಲ್ಲೂ ಇದೆ. ಅಲ್ಲಿಯ ಅಪಾಯದ ವಲಯಗಳಲ್ಲಿ ಸೋತರೆ ಮೈಮೇಲಿನ ಎಲ್ಲವೂ ಹೋಗುತ್ತದೆ. ಸ್ವಲ್ಪ ಗೆದ್ದವರ ಪಾಲಾಗುತ್ತದೆ, ಇನ್ನು ಸ್ವಲ್ಪ ಶಾಶ್ವತವಾಗಿ ನಾಶವಾಗುತ್ತದೆ. ಇನ್ನೊಂದು ಸ್ವಾರಸ್ಯ ಕೇಳಿ. ಅಲ್ಲಿ ಬ್ಲ್ಯಾಕ್ ಮಾರ್ಕೆಟ್ ಎಂಬ ಅಂಗಡಿಯೊಂದಿದೆ. ಆಟಗಾರರು ಮಾಡಿದ ಆಯುಧಗಳನ್ನು ಅದು ಕೊಳ್ಳುತ್ತದೆ, ರಾಕ್ಷಸರು ಸತ್ತಾಗ ಉದುರುವುದು ಆ ಆಯುಧಗಳೇ. ಅಂದರೆ ಬೇಟೆಯಲ್ಲಿ ನಿಮಗೆ ಬಿಟ್ಟಿ ಸಿಕ್ಕ ಕತ್ತಿಯನ್ನೂ ಯಾರೋ ಒಬ್ಬ ಆಟಗಾರ ಬಡಿದು ಮಾಡಿ, ಹಣ ಪಡೆದಿರುತ್ತಾನೆ.

21 ಗಂಟೆಯ ಯುದ್ಧ ಮತ್ತು "ಸುಟ್ಟುಹೋದ 3 ಲಕ್ಷ ಡಾಲರ್"

ನಾಶವೇ ಮಾರುಕಟ್ಟೆಯನ್ನು ನಡೆಸುವ ಗೇಮ್ ಎಂದರೆ ಈವ್ ಆನ್‌ಲೈನ್. ಐಸ್‌ಲ್ಯಾಂಡ್‌ನ ಸಿಸಿಪಿ ಕಂಪನಿ 2003ರಲ್ಲಿ ಶುರುಮಾಡಿದ ಬಾಹ್ಯಾಕಾಶದ ಗೇಮ್ ಇದು. ಆಟಗಾರರು ಕ್ಷುದ್ರಗ್ರಹಗಳಿಂದ ಅದಿರು ಅಗೆದು ಹಡಗು ಕಟ್ಟುತ್ತಾರೆ. ಯುದ್ಧದಲ್ಲಿ ಹಡಗು ಸ್ಫೋಟಿಸಿದರೆ ಆ ಹಡಗು ಮತ್ತೆ ಬರುವುದಿಲ್ಲ. ಈ ಲೋಕದ ಲೆಕ್ಕ ನೋಡಿಕೊಳ್ಳಲು ಕಂಪನಿ 2007ರಲ್ಲಿ ಎಯೋಲ್ಫರ್ ಗುಡ್ಮುಂಡ್ಸನ್ ಎಂಬ ಅರ್ಥಶಾಸ್ತ್ರಜ್ಞರನ್ನೇ ನೇಮಿಸಿಕೊಂಡಿತು. ಎಷ್ಟು ಅಗೆದರು, ಎಷ್ಟು ತಯಾರಿಸಿದರು, ಎಷ್ಟು ನಾಶವಾಯಿತು ಎಂಬ ತಿಂಗಳ ವರದಿಯನ್ನು ಕಂಪನಿ ಎಲ್ಲರ ಮುಂದೆ ಇಡುತ್ತದೆ.

2014ರ ಜನವರಿ 27ರಂದು ಬಿ-ಆರ್5ಆರ್‌ಬಿ ಎಂಬ ನಕ್ಷತ್ರ ವಲಯದಲ್ಲಿ ದೊಡ್ಡ ಯುದ್ಧ ನಡೆಯಿತು. ಕಾರಣ ಕೇಳಿದರೆ ನಗು ಬರುತ್ತದೆ: ಆ ವಲಯದ ಒಡೆತನ ಉಳಿಸಿಕೊಳ್ಳಲು ಕಟ್ಟಬೇಕಿದ್ದ ಬಿಲ್ಲು ಒಂದು ಗುಂಪಿನಿಂದ ಕಟ್ಟದೇ ಉಳಿದುಬಿಟ್ಟಿತ್ತು. ಸುಮಾರು 21 ಗಂಟೆ, 7,500ಕ್ಕೂ ಹೆಚ್ಚು ಆಟಗಾರರು. ಟೈಟನ್ ಎಂಬ ಅತಿ ದೊಡ್ಡ ಹಡಗುಗಳು 75 ನಾಶವಾದವು. ಒಂದೊಂದನ್ನೂ ಕಟ್ಟಲು ಗುಂಪುಗಳು ವಾರಗಟ್ಟಲೆ ದುಡಿಯಬೇಕು.

"ಒಂದೇ ದಿನದಲ್ಲಿ 3 ಲಕ್ಷ ಡಾಲರ್ ಸುಟ್ಟು ಬೂದಿ" ಎಂದು ಜಗತ್ತಿನಾದ್ಯಂತ ಸುದ್ದಿಯಾಯಿತು. ಇದನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಈ ಗೇಮ್‌ನಲ್ಲಿ ನಿಜ ಹಣ ಕೊಟ್ಟು ಪ್ಲೆಕ್ಸ್ ಎಂಬ ಐಟಮ್ ಕೊಂಡು, ಅದನ್ನು ಒಳಗಿನ ಸಂತೆಯಲ್ಲಿ ಮಾರಿ ಗೇಮ್ ಹಣ ಮಾಡಿಕೊಳ್ಳಬಹುದು. ಆ ದರದಲ್ಲಿ ಲೆಕ್ಕ ಹಾಕಿ ಬಂದ ಅಂಕಿ ಅದು. ಆದರೆ ಗೇಮ್ ಹಣವನ್ನು ಡಾಲರ್ ಮಾಡಿಕೊಳ್ಳಲು ಕಂಪನಿ ಒಪ್ಪಿದ ದಾರಿ ಇಲ್ಲ. ಹಡಗುಗಳಲ್ಲಿ ಹೆಚ್ಚಿನವು ಆಟಗಾರರು ಅಗೆದ ಅದಿರಿನಿಂದ ಕಟ್ಟಿದವು. ಹೋದದ್ದು ಮುಖ್ಯವಾಗಿ ಜನರ ಸಮಯ ಮತ್ತು ದುಡಿಮೆ, ಬ್ಯಾಂಕಿನ ಹಣವಲ್ಲ.

ಮರುದಿನದಿಂದ ಏನಾಗುತ್ತದೆ ಯೋಚಿಸಿ. 75 ಟೈಟನ್ ಮತ್ತೆ ಕಟ್ಟಬೇಕು. ಅದಕ್ಕೆ ಬೆಟ್ಟದಷ್ಟು ಅದಿರು ಬೇಕು. ಯುದ್ಧದ ಹೆಸರೇ ಕೇಳದ ಹೊಸ ಆಟಗಾರ ಅಗೆದ ಅದಿರಿಗೂ ಗಿರಾಕಿ ಸಿಗುತ್ತಾನೆ. ಯುದ್ಧ ನಡೆದ ಜಾಗದಲ್ಲಿ ಹಡಗುಗಳ ಅವಶೇಷಗಳನ್ನೇ ಕಂಪನಿ ಸ್ಮಾರಕವಾಗಿ ಉಳಿಸಿತು.

ತೂಬೇ ಇಲ್ಲದ ಕೆರೆ: ಆಕ್ಸಿ ಇನ್ಫಿನಿಟಿ

ಈಗ "ಎಂದೂ ಹಾಳಾಗದ ಐಟಮ್, ಆಡುತ್ತಾ ಗಳಿಸಿ" ಎಂಬ ಮೆಸೇಜಿಗೆ ಬರೋಣ.

ವಿಯೆಟ್ನಾಂನ ಸ್ಕೈ ಮೇವಿಸ್ ಕಂಪನಿಯ ಆಕ್ಸಿ ಇನ್ಫಿನಿಟಿ 2021ರಲ್ಲಿ, ಕೊರೊನಾ ಕಾಲದಲ್ಲಿ, ಫಿಲಿಪ್ಪೀನ್ಸ್‌ನಲ್ಲಿ ಮನೆಮಾತಾಯಿತು. ಆಡಲು ಆಕ್ಸಿ ಎಂಬ ಮೂರು ಪುಟ್ಟ ಪ್ರಾಣಿಗಳನ್ನು ಕೊಳ್ಳಬೇಕಿತ್ತು. ಉಚ್ಛ್ರಾಯದ ದಿನಗಳಲ್ಲಿ ಮೂರಕ್ಕೆ ನೂರಾರು ಡಾಲರ್. ಕಾಳಗದಲ್ಲಿ ಗೆದ್ದರೆ ಎಸ್‌ಎಲ್‌ಪಿ ಎಂಬ ಟೋಕನ್ ಸಿಗುತ್ತಿತ್ತು, ಅದನ್ನು ಮಾರಿ ಹಣ ಮಾಡಿಕೊಳ್ಳಬಹುದಿತ್ತು. ಕೊಳ್ಳಲು ಶಕ್ತಿ ಇಲ್ಲದವರಿಗೆ ಇದ್ದವರು ಪ್ರಾಣಿಗಳನ್ನು ಕೊಟ್ಟು ಗಳಿಕೆಯಲ್ಲಿ ಪಾಲು ತೆಗೆದುಕೊಳ್ಳುತ್ತಿದ್ದರು, ನಮ್ಮ ಹಳ್ಳಿಗಳಲ್ಲಿ ಕುರಿಯನ್ನು ಪಾಲಿಗೆ ಕೊಟ್ಟ ಹಾಗೆ. ಎಷ್ಟೋ ಮನೆಗಳ ಖರ್ಚು ಕೆಲವು ತಿಂಗಳು ಇದರಿಂದಲೇ ನಡೆಯಿತು.

ಟೋಕನ್ ಹೊರಹೋಗಲು ಇದ್ದ ಮುಖ್ಯ ದಾರಿ ಒಂದೇ. ಎರಡು ಆಕ್ಸಿಗಳಿಂದ ಮರಿ ಮಾಡಿಸಬೇಕೆಂದರೆ ಟೋಕನ್ ಸುಡಬೇಕು. ತೊಡಕು ಇರುವುದು ಇಲ್ಲೇ. ಆಕ್ಸಿಗೆ ಮುಪ್ಪಿಲ್ಲ, ಸಾವಿಲ್ಲ, ಸವೆತವಿಲ್ಲ. ಇವತ್ತು ಮರಿ ಮಾಡಿಸಲು ಸುಟ್ಟ ಟೋಕನ್‌ಗಿಂತ ಹೆಚ್ಚನ್ನು ಆ ಮರಿ ನಾಳೆಯಿಂದ ಗಳಿಸತೊಡಗುತ್ತದೆ. ಅಂದರೆ ತೂಬು ಅಂದುಕೊಂಡದ್ದು ಇನ್ನೊಂದು ಕಾಲುವೆ! ಹೊಸ ಮರಿ ಬೇಕಾದದ್ದು ಹೊಸದಾಗಿ ಸೇರುವವರಿಗೆ ಮಾತ್ರ. ಹೊಸಬರು ಬರುವುದು ಕಡಿಮೆಯಾದೊಡನೆ ಕೊಳ್ಳುವವರು ಉಳಿಯಲಿಲ್ಲ.

2021ರ ಜುಲೈನಲ್ಲಿ 30 ಸೆಂಟ್ ದಾಟಿದ್ದ ಟೋಕನ್ 2022ರ ಮಧ್ಯಭಾಗಕ್ಕೆ 1 ಸೆಂಟ್‌ಗಿಂತ ಕೆಳಗೆ ಬಿತ್ತು. ದಿನವೂ ಹುಟ್ಟುವ ಟೋಕನ್ ಸುಡುವುದಕ್ಕಿಂತ ಸುಮಾರು 4 ಪಟ್ಟು ಇದೆ ಎಂದು 2022ರ ಫೆಬ್ರುವರಿಯಲ್ಲಿ ಗೇಮ್ ಮಾಡಿದವರೇ ಹೇಳಿ, ಟೋಕನ್ ಕೊಡುವುದನ್ನು ಕಡಿತಗೊಳಿಸಿದರು. ಅದೇ ವರ್ಷದ ಮಾರ್ಚ್‌ನಲ್ಲಿ ಹ್ಯಾಕರ್‌ಗಳು ಆ ಜಾಲದಿಂದ 60 ಕೋಟಿ ಡಾಲರ್‌ಗೂ ಹೆಚ್ಚು ಮೌಲ್ಯದ ಕ್ರಿಪ್ಟೊ ಕದ್ದರು. "ಹ್ಯಾಕ್ ಆದದ್ದರಿಂದ ಬೆಲೆ ಬಿತ್ತು" ಎಂದು ಹೇಳುವವರಿದ್ದಾರೆ. ಅದು ಸರಿಯಲ್ಲ. ಟೋಕನ್ ಬೆಲೆಯ ದೊಡ್ಡ ಕುಸಿತ ಕಳ್ಳತನಕ್ಕೂ ಮುಂಚೆಯೇ ಆಗಿತ್ತು. ಸಾಲ ಮಾಡಿ ಆಕ್ಸಿ ಕೊಂಡವರ ಕೈಯಲ್ಲಿ ಉಳಿದದ್ದು ಸಾಯದ ಪ್ರಾಣಿ, ಬೆಲೆ ಇಲ್ಲದ ಟೋಕನ್.

ಹಾಗಾದರೆ ಕಂಪನಿಗಳು ಮೋಸ ಮಾಡುವುದೇ ಇಲ್ಲವೇ?

ಹಾಗೆಂದು ನಾವು ಹೇಳುತ್ತಿಲ್ಲ. ತೂಬು ಸರಿಯಾಗಿ ಇಡಬಹುದು, ನಿಮ್ಮ ಜೇಬಿಗೂ ಇಡಬಹುದು. ಗೇಮ್ ಒಳಗೆ ಗಳಿಸಿದ್ದರಿಂದಲೇ ರಿಪೇರಿ ಸಾಧ್ಯವಾದರೆ, ಹೊಸದನ್ನು ಇನ್ನೊಬ್ಬ ಆಟಗಾರನಿಂದ ಕೊಳ್ಳಬಹುದಾದರೆ, ಸವೆತ ಸಂತೆಯನ್ನು ನಡೆಸುತ್ತಿದೆ ಎಂದರ್ಥ. ಮುರಿದ ಕತ್ತಿ ಸರಿಯಾಗಲು ರೂಪಾಯಿ ಕೊಟ್ಟು ಕೊಳ್ಳುವ ಕಿಟ್ ಮಾತ್ರವೇ ದಾರಿ ಎಂದಾದರೆ, ಅದು ನೇರವಾಗಿ ವ್ಯಾಪಾರ. ಅಂಥ ಗೇಮ್ ಬಿಡುವುದು ನಿಮ್ಮ ಹಕ್ಕು, ಬೈಯುವುದೂ ನಿಮ್ಮ ಹಕ್ಕು.

ಸವೆತವೊಂದೇ ದಾರಿಯೂ ಅಲ್ಲ. ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ 2021ರ ಡಿಸೆಂಬರ್‌ನಲ್ಲಿ ತನ್ನ ಸಂತೆಯ ಮಾರಾಟದ ಮೇಲೆ ಶೇ 1ರ ತೆರಿಗೆ ಹಾಕಿತು. ತೆರಿಗೆಯಿಂದ ಬಂದ ಚಿನ್ನದ ಒಂದು ಪಾಲಿನಿಂದ ಹೆಚ್ಚಾಗಿಹೋದ ಐಟಮ್‌ಗಳನ್ನು ಗೇಮ್ ತಾನೇ ಕೊಂಡು ಅಳಿಸಿಹಾಕುತ್ತದೆ. ಯಾರ ಕತ್ತಿಯೂ ಮುರಿಯಲಿಲ್ಲ, ಆದರೂ ತೂಬು ತೆರೆಯಿತು.

ಫಾರ್ವರ್ಡ್ ಮಾಡುವ ಮುನ್ನ ನಾಲ್ಕು ಪ್ರಶ್ನೆ

"ಗೇಮ್ ಐಟಮ್ ಕೊಳ್ಳಿ, ಗಳಿಸಿ" ಎಂಬ ಮೆಸೇಜ್ ಬಂದರೆ ಇವನ್ನು ಕೇಳಿ:

1. ಈ ಐಟಮ್ ಅಥವಾ ಟೋಕನ್ ದಿನಕ್ಕೆ ಎಷ್ಟು ಹುಟ್ಟುತ್ತದೆ, ಎಷ್ಟು ನಾಶವಾಗುತ್ತದೆ? ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಇಟ್ಟಿದ್ದಾರೆಯೇ?
2. ನನ್ನಿಂದ ಕೊಳ್ಳುವವನು ಯಾರು? ಆಡಲು ಬೇಕಾಗಿ ಕೊಳ್ಳುತ್ತಾನೆಯೇ, ಇನ್ನೊಬ್ಬನಿಗೆ ಮಾರಲೆಂದೇ ಕೊಳ್ಳುತ್ತಾನೆಯೇ?
3. ಹೊಸಬರು ಸೇರುವುದು ನಾಳೆ ನಿಂತರೂ ಇದಕ್ಕೆ ಬೆಲೆ ಇರುತ್ತದೆಯೇ?
4. ಹಣ ಹಾಕುವುದು ಸುಲಭ ಸರಿ, ಹೊರತೆಗೆಯುವ ದಾರಿ ಏನು?

ನಮ್ಮ ದೇಶದ ಕಾನೂನನ್ನೂ ನೆನಪಿಡಿ. ಹಣ ಕಟ್ಟಿ ಹಣ ಗೆಲ್ಲುವ ಆಸೆಯ ಆನ್‌ಲೈನ್ ಗೇಮ್‌ಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ. ಗೇಮ್ ಹೆಸರಿನಲ್ಲಿ ಯಾರಾದರೂ ನಿಮ್ಮಿಂದ ಹಣ ಕಿತ್ತುಕೊಂಡಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇನ್ನು ನಿಮ್ಮ ಮನೆಯ ಮಗು ಮೈನ್‌ಕ್ರಾಫ್ಟ್‌ನಲ್ಲಿ ಪಿಕಾಸಿ ಮುರಿಯಿತೆಂದು ಮುಖ ಊದಿಸಿಕೊಂಡು ಬಂದರೆ, ಚಿನ್ನದ್ದು ಬೇಡ, ಕಬ್ಬಿಣದ್ದು ಮಾಡಿಕೋ ಎನ್ನಿ. 32 ಏಟಿನ ಬದಲು 250 ಏಟು ಬರುತ್ತದೆ.